ಕಟ್ಟಿದ ದೋಣಿ

ಪ್ರಯಾಣವೆಂದರೆ ಚಲಿಸುವುದೆಂದೇ ಜನರ ನಂಬಿಕೆ. ನಿವೃತ್ತರಾದ ಮೈಸೂರಿನ ಯಜಮಾನರೊಬ್ಬರು ಪತ್ನಿಯೊಡನೆ ಆಲಪ್ಪುಳಕ್ಕೆ ಹೋಗಿ, ಒಂದಿರುಳಿನ ಜಲವಿಹಾರಕ್ಕೆಂದು ಕೆಟ್ಟುವಳ್ಳವನ್ನೇರಿದರು. ಹಿಂದೆ ಕುಟ್ಟನಾಡಿನ ಬತ್ತವನ್ನು ಹೊರುತ್ತಿದ್ದ ಜಾತಿಯ ದೋಣಿ ಅದು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುವುದು ಅದರ ಕ್ರಮ.

ವೇಂಬನಾಡು ಸರೋವರದಲ್ಲಿ ರಾತ್ರಿಯೆಲ್ಲ ತೇಲುವೆವೆಂದು ಯಜಮಾನರು ಎಣಿಸಿದ್ದರು. ಸಂಜೆಯಾಗುತ್ತಲೆ ಅಂಬಿಗನು ದೋಣಿಯನ್ನು ದಡಕ್ಕೆ ಕಟ್ಟಿಬಿಟ್ಟನು. ಇರುಳು ಬೆಸ್ತರು ಬಲೆ ಬೀಸುವ ಹೊತ್ತು. ಕೊಟ್ಟ ಹಣ ವ್ಯರ್ಥವಾಯಿತೆಂದು ಯಜಮಾನರು ಹುಬ್ಬು ಗಂಟಿಕ್ಕಿದರು.

“ಮೂವತ್ತು ವರ್ಷ ಕಚೇರಿಗೆಂದು ಓಡಿದಿರಿ. ಈ ಹೊತ್ತಾದರೂ ನನ್ನ ಹತ್ತಿರ ಕುಳಿತಿರಬಾರದೆ?” ಎಂದರು ಆಕೆ.

ಯಜಮಾನರು ಉತ್ತರ ಕೊಡಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆಳಗಿನ ಜಾವದವರೆಗೂ ಅವರ ಮಾತು ಮುಗಿಯಲಿಲ್ಲ.