ಹನ್ನೊಂದನೇ ಕಲಮಿನ ಒಂದು ವಾಕ್ಯ

ವಿಶಾಖಪಟ್ಟಣಕ್ಕೆ ಬಂದು ಹದಿಮೂರು ವರ್ಷವಾಯಿತು. ಕೋಟದ ಹತ್ತಿರದ ಹಳ್ಳಿಯಿಂದ ಹೊರಟವನು ಈಗ ದ್ವಾರಕಾನಗರದ ಒಂದು ಮಹಡಿಯಲ್ಲಿ ಮೂರು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು ನಡೆಸುತ್ತಿದ್ದೇನೆ. ಹೋಟೆಲು, ಬೇಕರಿ, ಮಿಠಾಯಿ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುವುದು ನಮ್ಮ ಕಸುಬು. ಅದರ ಮೊದಲ ರೂಪ ಬರೆದದ್ದು ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಟಿಫಿನ್ ಹೋಟೆಲು ಇಟ್ಟಿರುವ ಸೋದರಮಾವನಿಗಾಗಿ. ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಇಡ್ಲಿ-ವಡೆಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ನೋಡಿ ನೋಡಿ ಬರೆದದ್ದು. ಮಾವ ದುಡ್ಡು ಕೊಡಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಅದೇ ನಮ್ಮ ಅನ್ನವಾಯಿತು.

2022ರಲ್ಲಿ ವಿಜಯವಾಡದ ಒಂದು ಮಿಠಾಯಿ ಸಂಸ್ಥೆಯವರು ಕರೆದರು. ಏಳು ಅಂಗಡಿಗಳಿದ್ದವು. ಹಬ್ಬದ ಮುಂಗಡ ಆರ್ಡರ್‌ಗಳನ್ನು ನೋಡಿಕೊಳ್ಳುವ ಹೊಸ ಭಾಗವೊಂದು ಬೇಕಿತ್ತು. ನಾಲ್ಕೂವರೆ ಲಕ್ಷ ರೂಪಾಯಿ, ಅರ್ಧ ಮುಂಗಡ. ನಮ್ಮಂಥವರಿಗೆ ಅದು ದೊಡ್ಡ ಮೊತ್ತ. ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಹೋದೆ, ರಾತ್ರಿ ಮಾವನ ಮನೆಯಲ್ಲಿ ಮಲಗಿದೆ, ಬೆಳಿಗ್ಗೆ ಅವರ ಆಫೀಸಿನಲ್ಲಿ ಹದಿನಾಲ್ಕು ಪುಟದ ಇಂಗ್ಲಿಷ್ ಕರಾರಿಗೆ ಸಹಿ ಹಾಕಿದೆ. ಎಷ್ಟು ಕಂತು, ಯಾವ ತಾರೀಖು, ತಡವಾದರೆ ಎಷ್ಟು ದಂಡ ಎಂಬುದನ್ನೆಲ್ಲ ಎರಡೆರಡು ಸಲ ಓದಿದ್ದೆ. ಹನ್ನೊಂದನೇ ಕಲಮನ್ನು ಮಾತ್ರ ಕಣ್ಣಾಡಿಸಿ ಬಿಟ್ಟೆ. ಅದರ ಸಾರಾಂಶ ಇಷ್ಟು: ಈ ಕೆಲಸಕ್ಕಾಗಿ ತಯಾರಿಸಿದ, ಬಳಸಿದ, ಇದಕ್ಕೆ ಸಂಬಂಧಪಟ್ಟ ಎಲ್ಲ ಬೌದ್ಧಿಕ ಸ್ವತ್ತೂ ಗ್ರಾಹಕರಿಗೆ ಸೇರಿದ್ದು.

‘ತಯಾರಿಸಿದ’ ಎಂಬುದು ಸರಿ. ‘ಬಳಸಿದ’ ಎಂಬ ಪದ ನನ್ನ ಕೊರಳಿಗೆ ಬಿತ್ತು.

ಕೆಲಸ ಮುಗಿದು ಎಂಟು ತಿಂಗಳ ಮೇಲೆ ಅವರಿಂದ ಒಂದು ಪತ್ರ. ರಾಜಮಂಡ್ರಿಯ ಇನ್ನೊಂದು ಮಿಠಾಯಿ ಅಂಗಡಿಯಲ್ಲಿ ನಮ್ಮ ಪ್ರೋಗ್ರಾಂ ಓಡುತ್ತಿರುವುದನ್ನು ಅವರ ಕಡೆಯವರು ನೋಡಿದ್ದರು. ‘ಈ ಪ್ರೋಗ್ರಾಂ ನಮ್ಮದು, ಬೇರೆಯವರಿಗೆ ಮಾರುವುದನ್ನು ನಿಲ್ಲಿಸಿ’ ಎಂದು ಬರೆದಿದ್ದರು. ಆಗ ನಮಗೆ ಇಪ್ಪತ್ತಾರು ಗಿರಾಕಿಗಳಿದ್ದರು. ಇಪ್ಪತ್ತಾರೂ ಕಡೆ ಓಡುತ್ತಿದ್ದದ್ದು ಮಾವನ ಗಲ್ಲಾದ ಪಕ್ಕ ಕೂತು ಬರೆದ ಅದೇ ತಳಪಾಯ. ಆ ರಾತ್ರಿ ಹೆಂಡತಿಗೆ ಹೇಳಲೂ ಇಲ್ಲ.

ಮರುದಿನ ಸಿರಿಪುರಂನಲ್ಲಿ ಒಬ್ಬ ವಕೀಲರನ್ನು ಕಂಡೆ. ಅವರು ಮೊದಲು ಸಮಾಧಾನದ ಮಾತು ಹೇಳಿದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದು ಮಾಲೀಕನದು. ನನ್ನಂಥ ಹೊರಗಿನವನು ದುಡ್ಡು ತೆಗೆದುಕೊಂಡು ಬರೆದುಕೊಟ್ಟರೂ, ಹಕ್ಕು ಬರೆದವನದೇ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಕೈಬದಲಾಗುವುದಿಲ್ಲ. ಬರಹದಲ್ಲಿ, ಸಹಿಯೊಂದಿಗೆ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ಹಾಗೆ ಬಿಟ್ಟುಕೊಡುವಾಗಲೂ ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ಹೇಳಬೇಕು. ಕಾಲ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 19ನೇ ಸೆಕ್ಷನ್ನೇ ಹೇಳುತ್ತದೆ.

“ನಿಮ್ಮ ಕರಾರಿನಲ್ಲಿ ಹಳೇ ಪ್ರೋಗ್ರಾಮಿನ ಹೆಸರೇ ಇಲ್ಲ. ಅದು ಅವರಿಗೆ ಹೋಗಿಲ್ಲ ಅಂತ ವಾದ ಮಾಡಬಹುದು,” ಎಂದರು. ನನಗೆ ಜೀವ ಬಂತು. ಅವರು ಕನ್ನಡಕ ತೆಗೆದಿಟ್ಟು, “ಆದರೆ ‘ಬಳಸಿದ’ ಅನ್ನೋ ಪದಕ್ಕೆ ನೀವೇ ಸಹಿ ಹಾಕಿದ್ದೀರಿ. ವಾದ ಮಾಡೋಕೆ ಎಷ್ಟು ವರ್ಷ ಇಟ್ಟುಕೊಂಡಿದ್ದೀರಿ?” ಎಂದು ಕೇಳಿದರು.

ಒಂದು ಪದಕ್ಕೆ ಎಷ್ಟು ವರ್ಷ ಬೇಕಾಗಬಹುದು ಎಂಬುದಕ್ಕೆ ನಮ್ಮ ಕೋಟದ ಕಾರಂತಜ್ಜನ ಉದಾಹರಣೆಯೇ ಇದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ಹೊಸ ರೂಪ ಕೊಟ್ಟು ‘ಯಕ್ಷರಂಗ’ ಎಂದು ಕರೆದರು. 1994ರಲ್ಲಿ ಉಯಿಲು ಬರೆದು ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿದಾಗ ವಿಷಯ ಕೋರ್ಟಿಗೆ ಹೋಯಿತು. ಉಯಿಲಿನಲ್ಲಿ ‘ಸಾಹಿತ್ಯ ಕೃತಿ’ ಎಂದಿದೆ. ಕುಣಿಯುವ ಬ್ಯಾಲೆ ಸಾಹಿತ್ಯವೇ? ಜಿಲ್ಲಾ ನ್ಯಾಯಾಲಯ, ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2009ರಲ್ಲಿ. ಬ್ಯಾಲೆ ಸಾಹಿತ್ಯ ಕೃತಿಯಲ್ಲ, ನಾಟಕ ಕೃತಿ. ಕಾಯ್ದೆಯಲ್ಲಿ ಎರಡೂ ಬೇರೆ ಎಂದಿತು ಕೋರ್ಟು. ಆದರೂ ಹಕ್ಕು ಮಾಲಿನಿಯವರಿಗೇ ಉಳಿಯಿತು. ಏಕೆಂದರೆ ಮೇಲೆ ಹೇಳದೆ ಉಳಿದದ್ದೂ ಅವರಿಗೇ ಎಂಬ ಇನ್ನೊಂದು ಮಾತು ಉಯಿಲಿನಲ್ಲಿತ್ತು. ಶೈಕ್ಷಣಿಕ ಪ್ರದರ್ಶನಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಗೆ ಮಾತ್ರ ತಡೆಯಾಜ್ಞೆ ಅಡ್ಡಬರಬಾರದು ಎಂದು ಕೋರ್ಟು ಸ್ಪಷ್ಟಪಡಿಸಿತು. ಶಬ್ದಗಳಲ್ಲೇ ಬದುಕಿದವರ ಉಯಿಲಿನ ಗತಿ ಹೀಗಾದರೆ, ನನ್ನ ಹದಿನಾಲ್ಕು ಪುಟದ ಪಾಡೇನು?

ಕೋರ್ಟು ಬೇಡವೆಂದುಕೊಂಡು ಮತ್ತೆ ರೈಲು ಹತ್ತಿದೆ. ಮಾವನ ಹೋಟೆಲಿನಲ್ಲಿ ಕೂತು ಎಲ್ಲ ಹೇಳಿದೆ. ಮಾವ ಕಾಫಿ ಲೋಟ ಮುಂದಿಟ್ಟು ಅಂದರು: “ಎಂತ ಮಾರಾಯ, ಮದುವೆ ಅಡುಗೆಗೆ ಭಟ್ಟರನ್ನು ಕರೀತಾರೆ. ಮಾಡಿದ ಊಟ ಮನೆಯವರದ್ದು. ಹಾಗಂತ ಭಟ್ಟರು ತಂದ ಸಟ್ಟುಗ, ಕಡಾಯಿ ಬಿಟ್ಟು ಹೋಗ್ತಾರಾ? ಬರುವಾಗಲೇ ಎಣಿಸಿ ಪಟ್ಟಿ ಕೊಡ್ತಾರೆ. ನೀನು ಪಟ್ಟಿ ಕೊಡ್ಲೇ ಇಲ್ಲ.”

ಆ ಸಂಸ್ಥೆಯ ಹಿರಿಯ ಪಾಲುದಾರರ ಮುಂದೆ ನನಗೆ ಬಂದಷ್ಟು ತೆಲುಗಿನಲ್ಲಿ ಇದೇ ಮಾತು ಹೇಳಿದೆ. ಅವರು ನಕ್ಕರು. ಅವರ ಭಯವೂ ಸುಳ್ಳಾಗಿರಲಿಲ್ಲ: ತಾವು ದುಡ್ಡು ಕೊಟ್ಟು ಮಾಡಿಸಿದ ಹಬ್ಬದ ಆರ್ಡರ್ ವ್ಯವಸ್ಥೆ ಎದುರು ಅಂಗಡಿಯವನಿಗೆ ಹೋಗಬಾರದು. ಎರಡು ಗಂಟೆ ಮಾತಾಡಿ ಕರಾರಿಗೆ ಒಂದು ತಿದ್ದುಪಡಿ ಬರೆದೆವು. ಮೊದಲೇ ಇದ್ದ ಪ್ರೋಗ್ರಾಂ ನನ್ನದು. ಅದರ ಭಾಗಗಳ ಹೆಸರು, ಆವೃತ್ತಿ, ತಾರೀಖು ಅನುಬಂಧದಲ್ಲಿ. ಅದನ್ನು ತಮ್ಮ ಅಂಗಡಿಗಳಲ್ಲಿ ಎಷ್ಟು ಕಾಲ ಬೇಕಾದರೂ ಬಳಸಲು ಅವರಿಗೆ ಅನುಮತಿ, ಬೇರೆಯವರಿಗೆ ಮಾರುವಂತಿಲ್ಲ. ಹಬ್ಬದ ಭಾಗ ಪೂರ್ತಿ ಅವರದು. ನಾನು ಬೇರೆಲ್ಲೂ ಹಾಕುವಂತಿಲ್ಲ.

ಪುಕ್ಕಟೆಯಾಗಿ ಏನೂ ಆಗಲಿಲ್ಲ. ಕೊನೆಯ ಕಂತಿನಲ್ಲಿ ಬಾಕಿಯಿದ್ದ ಅರವತ್ತು ಸಾವಿರ ಬಿಟ್ಟೆ. ಮೂರು ವರ್ಷ ದುಡ್ಡಿಲ್ಲದೆ ರಿಪೇರಿ ಕೆಲಸ ಒಪ್ಪಿಕೊಂಡೆ. ರಾಜಮಂಡ್ರಿಯ ಅಂಗಡಿಯಿಂದ ಹಬ್ಬದ ಭಾಗ ತೆಗೆದು, ಅವರಿಗೆ ಬೇರೆಯದೇ ರೀತಿಯಲ್ಲಿ ಹೊಸದಾಗಿ ಬರೆದುಕೊಟ್ಟೆ. ಅದನ್ನು ಅಲ್ಲಿ ಹಾಕಿದ್ದು ನನ್ನದೇ ತಪ್ಪು. ಹಾಕುವಾಗ ತಪ್ಪೆಂದು ಅನಿಸಿರಲೇ ಇಲ್ಲ.

ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಸ್ವಂತ ಕೆಲಸ ಮಾಡುವ ಗೆಳೆಯರು ಈ ಪತ್ರಿಕೆ ಓದುತ್ತೀರಿ. ವಿನ್ಯಾಸ ಮಾಡುವವರು, ಅನುವಾದ ಮಾಡುವವರು, ಕೋಡ್ ಬರೆಯುವವರು. ಹಣದ ಕಲಮನ್ನು ನಾವೆಲ್ಲ ಓದುತ್ತೇವೆ, ಹಕ್ಕಿನ ಕಲಮನ್ನು ವಕೀಲರ ಭಾಷೆಯೆಂದು ದಾಟಿಬಿಡುತ್ತೇವೆ. ನಾನು ತಂದದ್ದು ಯಾವುದು, ನಿಮಗಾಗಿ ಮಾಡಿದ್ದು ಯಾವುದು, ಕೆಲಸ ಮುಗಿದ ಮೇಲೆ ಯಾರು ಏನನ್ನು ಬಳಸಬಹುದು ಎಂಬ ಮೂರು ಪ್ರಶ್ನೆಗೆ ಅಲ್ಲಿ ಬೇರೆ ಬೇರೆ ಉತ್ತರ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಕೇಳಿದರೆ ಕೆಲಸ ತಪ್ಪಿಹೋದೀತು ಎಂಬ ಅಳುಕು ನನಗೂ ಇತ್ತು. ಆಮೇಲೆ ಕೇಳಿದ ಯಾರೂ ಇದುವರೆಗೆ ಬೇಡ ಅಂದಿಲ್ಲ.

ಈಗ ಹೊಸ ಕರಾರು ಬಂದಾಗಲೆಲ್ಲ ಮೊದಲು ಅನುಬಂಧ ಬರೆಯುತ್ತೇನೆ. ಫೈಲಿನ ಹೆಸರು ‘ಸಟ್ಟುಗ ಪಟ್ಟಿ’. ನಮ್ಮ ಆಫೀಸಿನ ತೆಲುಗು ಹುಡುಗರಿಬ್ಬರಿಗೂ ಆ ಪದ ಬಾಯಿಪಾಠವಾಗಿದೆ.