ನೀಲಿ ರಕ್ತವೂ ಅಜ್ಜಿಯ ಬಾವಿಯೂ

ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ, ತೆಲಂಗಾಣದ ಗಡಿ ದಾಟಿದ ಮೇಲೆ ಮನ್ನಾಏಖೇಳ್ಳಿ ಸಿಗುತ್ತದೆ. ಲಾರಿಗಳು ನಿಂತು ಹೋಗುವ, ಬೀದರ್ ಬಸ್ಸಿಗೆ ಜನ ಕಾಯುವ ಊರು. ಅಂಗಡಿ ಸಾಲಿನಲ್ಲಿ ನಿಂತರೆ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕಿವಿಗೆ ಬೀಳುತ್ತವೆ. ಈ ಭಾಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರರೊಬ್ಬರಿದ್ದಾರೆ. ಇಪ್ಪತ್ತೈದು ವರ್ಷ ಸೀಮೆಸುಣ್ಣದಲ್ಲೇ ಹೃದಯದ ಚಿತ್ರ ಬರೆದವರು. ಶಾಲೆಗೆ ಪ್ರೊಜೆಕ್ಟರ್ ಬಂದಾಗ ಅವರಿಗಾದ ಸಂತೋಷ ಮಕ್ಕಳಿಗಿಂತ ಕಡಿಮೆಯದೇನಲ್ಲ.

ಮೂರು ರಾತ್ರಿ ಕುಳಿತು ಹತ್ತನೆಯ ತರಗತಿಗೆ ನಲವತ್ತು ಸ್ಲೈಡುಗಳ ಪಾಠ ಸಿದ್ಧಮಾಡಿದರು. ಮಿಡಿಯುವ ಹೃದಯ, ತೆರೆದು ಮುಚ್ಚುವ ಕವಾಟ, ಕೆಂಪು ನೀಲಿ ಬಾಣಗಳು, ಹಿನ್ನೆಲೆಗೆ ಸಂಗೀತ! ಪಾಠ ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಮರುದಿನ, ‘ಬಲ ಹೃತ್ಕುಕ್ಷಿಯಿಂದ ರಕ್ತ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ತರಗತಿ ಮೌನ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಧೈರ್ಯ ಮಾಡಿ, ‘ಅಲ್ಲಿ ನೀಲಿ ರಕ್ತ ಇರ್ತದ ಸರ್’ ಎಂದ.

ಮನುಷ್ಯನ ರಕ್ತ ಎಲ್ಲಿಯೂ ನೀಲಿಯಲ್ಲ. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪಾಗಿರುತ್ತದೆ, ಅಷ್ಟೆ. ಚಿತ್ರದಲ್ಲಿ ನೀಲಿ ಬಳಿಯುವುದು ಗುರುತಿಗಾಗಿ. ಮಾತಿನಲ್ಲಿ ಹೇಳಿದ್ದರೆ ಹುಡುಗ ಮರೆಯುತ್ತಿದ್ದನೇನೋ. ಬಣ್ಣದಲ್ಲಿ ಕಂಡ ತಪ್ಪು ಅಚ್ಚೊತ್ತಿ ನಿಂತಿತ್ತು. ಆ ದಿನ ಮಾಸ್ತರರಿಗೆ ಊಟ ರುಚಿಸಲಿಲ್ಲ.

ಚಿತ್ರದಿಂದ ಕಲಿಸುವುದು ಹೊಸದೇನಲ್ಲ. ಕೊಮೆನಿಯಸ್ ಎಂಬ ಶಿಕ್ಷಣ ಚಿಂತಕ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕ ಹೊರತಂದದ್ದು 1658ರಲ್ಲಿ. ನಮ್ಮ ನೆರೆಯ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಟಿ.ವಿ. ಪಾಠಗಳು ಬಂದಿದ್ದವು. ‘ಸೈಟ್’ ಎಂಬ ಆ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಚಂದನ ವಾಹಿನಿಯ ‘ಸಂವೇದ’ ಪಾಠಗಳನ್ನು ಎಷ್ಟೋ ಮಕ್ಕಳು ಮನೆಯಲ್ಲೇ ನೋಡಿದರು. ಈಗ ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಫೋನು ಹಿಡಿದರೆ ‘ದೀಕ್ಷಾ’ದ ಪಾಠ ತೆರೆದುಕೊಳ್ಳುತ್ತದೆ. ಸಾಧನ ಬದಲಾಗುತ್ತ ಬಂದಿದೆ. ಆದರೆ ಮಗು ಮಾತ್ರ ಬಹುಪಾಲು ಕುಳಿತು ನೋಡುತ್ತಲೇ ಇದೆ.

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಈ ವಿಷಯದಲ್ಲಿ ಬಹಳ ವರ್ಷ ಪ್ರಯೋಗ ನಡೆಸಿದವರು. ಬರಿಯ ಮಾತಿಗಿಂತ ಮಾತು, ಚಿತ್ರ ಎರಡೂ ಸೇರಿದರೆ ಕಲಿಕೆ ಚೆನ್ನ ಎನ್ನುತ್ತಾರೆ. ಆದರೆ ವಿಷಯಕ್ಕೆ ಬೇಕಿಲ್ಲದ ಸಂಗೀತ, ಅಲಂಕಾರ ಸೇರಿಸಿದರೆ ಕಲಿಕೆ ಕುಗ್ಗುತ್ತದೆ ಎಂದೂ ಎಚ್ಚರಿಸುತ್ತಾರೆ. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ. ಆ ಸ್ವಲ್ಪ ಜಾಗವನ್ನು ಸಂಗೀತವೇ ತುಂಬಿದರೆ ಕವಾಟ ನಿಲ್ಲುವುದೆಲ್ಲಿ? ಮಾಸ್ತರರ ನಲವತ್ತು ಸ್ಲೈಡು ಎಂಟಕ್ಕೆ ಇಳಿದವು. ಸಂಗೀತ ಹೋಯಿತು. ಪ್ರತಿ ಚಿತ್ರದ ನಂತರ ಪರದೆ ಆರಿಸಿ, ‘ಈಗ ನೀವು ಬರೆದು ತೋರಿಸಿ’ ಎನ್ನತೊಡಗಿದರು.

ಒಂಬತ್ತನೆಯ ತರಗತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡಿಜಿಟಲ್ ಕಥನ ಎಂಬ ಪದ್ಧತಿಯೊಂದಿದೆ. 1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಭಾಗದ ಕಮ್ಮಟಗಳಲ್ಲಿ ರೂಪುಗೊಂಡದ್ದು. ಸಾಮಾನ್ಯ ಜನರು ತಮ್ಮ ಅನುಭವವನ್ನು ಕೆಲವು ಫೋಟೋ ಮತ್ತು ಸ್ವಂತ ದನಿಯಲ್ಲಿ ಎರಡು ಮೂರು ನಿಮಿಷಕ್ಕೆ ಹೇಳುವುದು. ಮಾಸ್ತರರು ಕೊಟ್ಟ ವಿಷಯ: ‘ನಮ್ಮ ಮನೆಯ ನೀರು’. ನಿಯಮ ಎರಡೇ. ಮೊದಲು ಕಾಗದದಲ್ಲಿ ಎಂಟು ಚೌಕ ಬರೆದು, ಒಂದೊಂದರಲ್ಲಿ ಒಂದು ಚಿತ್ರ, ಕೆಳಗೆ ಒಂದು ವಾಕ್ಯ. ಅದು ಒಪ್ಪಿಗೆಯಾದ ಮೇಲಷ್ಟೇ ಫೋನು.

ಆ ತರಗತಿಯಲ್ಲಿ ಬಾಯಿಯನ್ನೇ ಬಿಡದ ಹುಡುಗಿಯೊಬ್ಬಳಿದ್ದಳು. ಮನೆಮಾತು ತೆಲುಗು. ಕನ್ನಡದಲ್ಲಿ ತಪ್ಪಾದೀತೆಂಬ ಅಂಜಿಕೆ. ಅವಳು ಆರಿಸಿಕೊಂಡದ್ದು ಹಿತ್ತಲಿನ ಹಳೆಯ ಬಾವಿ. ಬೋರ್‌ವೆಲ್ ಬಂದ ಮೇಲೆ ಅದರಲ್ಲಿ ಮನೆಯ ಕಸ ಬೀಳುತ್ತಿತ್ತು.

ಎರಡನೆಯ ದಿನವೇ ತಂದೆ ಶಾಲೆಗೆ ಬಂದರು. ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವರು.

‘ಸರ್, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅದ. ಫೋನ್ ಮುಟ್ಟಬ್ಯಾಡಂತ ನಾ ಮನ್ಯಾಗ ಬೈತೀನಿ, ನೀವೇ ಕೈಯಾಗ ಕೊಡ್ಸಿದ್ರ ಹ್ಯಾಂಗ್ರಿ?’

ಪ್ರಶ್ನೆ ನ್ಯಾಯವಾದದ್ದೇ. ಮನೆಗಿದ್ದ ಫೋನು ಅದೊಂದೇ. ಮಾಸ್ತರರು ವಾದಿಸಲಿಲ್ಲ.

‘ಐತವಾರ ಒಂದ್ ತಾಸು ಕೊಡ್ರಿ. ನೀವೇ ಬಾಜೂಕ ಕೂಡ್ರಿ. ಆಮ್ಯಾಗ ವಾಪಸ್ ತಗೋರಿ.’

ಹುಡುಗಿ ಅಜ್ಜಿಯ ಮಾತನ್ನು ತೆಲುಗಿನಲ್ಲೇ ಮುದ್ರಿಸಿಕೊಂಡು, ಅದರ ಅರ್ಥವನ್ನು ಕನ್ನಡದಲ್ಲಿ ತಾನು ಹೇಳಿದಳು. ಬೇಸಿಗೆಯಲ್ಲೂ ಬತ್ತದ ಬಾವಿ, ಕೇರಿಯವರೆಲ್ಲ ಹಗ್ಗ ತಂದು ನೀರು ಸೇದಿದ್ದು, ಎಲ್ಲ ಬಂತು. ಕೊನೆಯ ಚೌಕದಲ್ಲಿ ಮಾತ್ರ ಒಂದು ತಪ್ಪು: ‘ಬಾವಿಯ ಕೆಳಗೆ ನದಿ ಹರಿಯುತ್ತದೆ’ ಎಂದು ಬರೆದಿದ್ದಳು.

ಮಾಸ್ತರರು ಕೆಂಪು ಶಾಯಿ ಎತ್ತಲಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲಿನ ತುಂಡೊಂದನ್ನು ತರಗತಿಯಲ್ಲಿ ತೂಗಿಸಿದರು. ರಾತ್ರಿಯಿಡೀ ನೀರಲ್ಲಿಟ್ಟು ಮರುದಿನ ಮತ್ತೆ ತೂಗಿಸಿದರು. ತೂಕ ಹೆಚ್ಚಿತ್ತು. ಕಲ್ಲು ನೀರು ಕುಡಿಯುತ್ತದೆ! ಬಳಿಕ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಜೇಡಿಮಣ್ಣು ಒತ್ತಿ, ಮೇಲೆ ಜಲ್ಲಿ ತುಂಬಿ, ಮಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಪಕ್ಕಕ್ಕೊಂದು ತೂತು ಮಾಡಿದರು. ಮೇಲಿಂದ ಸುರಿದ ನೀರು ಜಲ್ಲಿಯಲ್ಲಿ ಇಳಿಯಿತು, ಜೇಡಿಯಲ್ಲಿ ತಡೆಯಿತು, ತೂತಿನಿಂದ ಜಿನುಗಿತು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ನೆಲದಡಿ ಕರೇಜ್ ಎಂಬ ಸುರಂಗ ತೋಡಿ ನೀರು ಹರಿಸಿದ್ದೂ ಇಂಥದೇ ಜಿನುಗನ್ನು ನಂಬಿ. ಹುಡುಗಿ ತಾನೇ ವಾಕ್ಯ ತಿದ್ದಿದಳು: ‘ಬಾವಿಯ ಕೆಳಗೆ ನದಿ ಇಲ್ಲ. ಮಳೆಯ ನೀರು ಕಲ್ಲಿನ ಸಂದಿನಲ್ಲಿ ಕುಳಿತಿರುತ್ತದೆ. ನಾವು ಇಳಿಯಲು ಬಿಟ್ಟಷ್ಟೇ ಅದು ಇರುತ್ತದೆ.’

ಪಾಲಕರ ಸಭೆಯ ದಿನ ಈ ಕಥೆಗಳನ್ನು ಪರದೆಯ ಮೇಲೆ ತೋರಿಸಿದರು. ತನ್ನದೇ ದನಿ ಸಭೆಯಲ್ಲಿ ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಯಾರೋ ಕೇಳಿದ ಪ್ರಶ್ನೆಗೆ ಎದ್ದುನಿಂತು, ತಡವರಿಸುತ್ತಲೇ, ಉತ್ತರ ಕೊಟ್ಟಳು. ತಂದೆ ಹೋಗುವಾಗ, ‘ಇದರಿಂದ ಮಾರ್ಕ್ಸ್ ಬರ್ತಾವೇನ್ರಿ?’ ಎಂದರು. ‘ಬರ್ತಾವಂತ ಹೇಳಂಗಿಲ್ರಿ. ಕೇಳಿದ್ರ ಉತ್ತರ ಹೇಳ್ತಾಳ’ ಎಂದರು ಮಾಸ್ತರರು.

ಪಾಲಕರೇ, ಫೋನಿನ ಭಯ ಸುಳ್ಳಲ್ಲ. ಕೊಟ್ಟರೆ ಹೊತ್ತು ಗೊತ್ತಿರಲಿ, ಪಕ್ಕದಲ್ಲಿ ನೀವಿರಿ, ಕಾಗದದ ಕೆಲಸ ಮೊದಲು ಮುಗಿದಿರಲಿ. ವಿದ್ಯಾರ್ಥಿಗಳೇ, ನೋಡಿದ ಪಾಠವನ್ನು ಪರದೆ ಮುಚ್ಚಿ ಅಜ್ಜಿಗೆ ಅರ್ಥವಾಗುವಂತೆ ಹೇಳಿ ನೋಡಿ. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿಂದ ಮತ್ತೆ ಓದಿ.

ಹಿತ್ತಲಿನ ಬಾವಿಗೆ ಇನ್ನೂ ನೀರು ಬಂದಿಲ್ಲ. ಅದರಲ್ಲಿ ಕಸ ಹಾಕುವುದನ್ನು ಮಾತ್ರ ಆ ಮನೆಯವರು ನಿಲ್ಲಿಸಿದ್ದಾರೆ.