ಹಳೆಯ ಪುಸ್ತಕಗಳ ಬೀದಿಯಲ್ಲಿ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಅಂಚೆಚೀಟಿಯದು, ಕೆಲವರಿಗೆ ಸಂಗೀತದ್ದು, ಮತ್ತೆ ಕೆಲವರಿಗೆ ಊರೂರು ತಿರುಗುವುದರದು. ನನಗಿರುವುದು ಹಳೆಯ ಸಾಮಾನಿನ ಹುಚ್ಚು. ಹೊಸ ವಸ್ತುಗಳಿಂದ ಥಳಥಳಿಸುವ ಅಂಗಡಿಯ ಮುಂದೆ ನಾನು ನಿರ್ಲಿಪ್ತನಾಗಿ ನಡೆದುಹೋಗಬಲ್ಲೆ; ಆದರೆ ಗುಜರಿ ಅಂಗಡಿಯೊಂದು ಕಣ್ಣಿಗೆ ಬಿದ್ದರೆ ಕಾಲು ತಾನಾಗಿಯೇ ನಿಂತುಬಿಡುತ್ತದೆ. ನಿಂತುಹೋದ ಗಡಿಯಾರ, ಗಾಜು ಒಡೆದ ಲಾಂದ್ರ, ಸೇರು ಪಾವುಗಳ ಕಾಲದ ಹಿತ್ತಾಳೆಯ ಅಳತೆ, ಯಾರದೋ ಮದುವೆಯಲ್ಲಿ ಹೆಸರು ಕೆತ್ತಿಸಿ ಉಡುಗೊರೆ ಕೊಟ್ಟ ತಂಬಿಗೆ, ಇವುಗಳ ನಡುವೆ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. “ಮನೆಯಲ್ಲಿರುವ ಗುಜರಿ ಸಾಲದೇನೋ?” ಎಂದು ನನ್ನ ತಾಯಿ ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಈ ಹುಚ್ಚು ನನ್ನೊಬ್ಬನದೇ ಅಲ್ಲವೆಂಬುದು ನನಗೊಂದು ಸಮಾಧಾನ. ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ದೀಪ, ಗ್ರಾಮಫೋನುಗಳನ್ನು ಅರಸುವವರ ಗುಂಪೇ ಇರುತ್ತದೆ. ಪ್ಯಾರಿಸ್ ನಗರದಲ್ಲಿ ಸೀನ್ ನದಿಯ ದಂಡೆಯುದ್ದಕ್ಕೂ ಹಸಿರು ಪೆಟ್ಟಿಗೆಗಳಲ್ಲಿ ಹಳೆಯ ಪುಸ್ತಕಗಳನ್ನಿಟ್ಟು ಮಾರುತ್ತಾರೆ. ಅಮೆರಿಕದಲ್ಲಿ ವಾರದ ಕೊನೆಗೆ ಮನೆಯವರೇ ತಮಗೆ ಬೇಡವಾದ ಸಾಮಾನುಗಳನ್ನು ಕಾರು ನಿಲ್ಲಿಸುವ ಕೊಟ್ಟಿಗೆಯ ಮುಂದೆ ಹರಡಿ ಕುಳಿತುಕೊಳ್ಳುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಇದಕ್ಕೆ ಹೆಸರಾದದ್ದು ಅವೆನ್ಯೂ ರಸ್ತೆ. ಹಿಂದಿನವರ ಬಾಯಲ್ಲಿ ಅದೇ ದೊಡ್ಡಪೇಟೆ.

ಬೇಡವೆಂದು ಒಬ್ಬರು ಬಿಟ್ಟ ವಸ್ತುವಿನ ಬೆಲೆ ಅದನ್ನು ಗುರುತಿಸುವ ಕಣ್ಣಿನಲ್ಲಿದೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಾಳೆಯೋಲೆಯ ಕಟ್ಟೊಂದನ್ನು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗುರುತಿಸಿದರು. 1909ರಲ್ಲಿ ಗ್ರಂಥ ಅಚ್ಚಾಗಿ ಲೋಕದ ವಿದ್ವಾಂಸರೆಲ್ಲ ಬೆರಗಾದರು. ಅಂಥ ಭಾಗ್ಯ ಎಲ್ಲರಿಗೂ ಬರುವುದಿಲ್ಲ, ನಿಜ. ಆದರೂ ಹಳೆಯ ಪುಸ್ತಕದ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತವನ ಮನಸ್ಸಿನಲ್ಲಿ ಅದರ ಒಂದು ಕಿರಿಯ ಆಸೆ ಇದ್ದೇ ಇರುತ್ತದೆ.

ಈ ಬೇಟೆಗೂ ತನ್ನದೇ ಆದ ನೀತಿಯುಂಟು, ಅನೀತಿಯೆಂದರೂ ತಪ್ಪಾಗದು. ಬೇಕಾದ ವಸ್ತು ಕಂಡೊಡನೆ ಮುಖ ಅರಳಬಾರದು. ಮೊದಲು ಬೇಡವಾದ ನಾಲ್ಕು ವಸ್ತುಗಳ ಬೆಲೆ ಕೇಳಬೇಕು. ಕೊನೆಗೆ, ಹೊರಟುನಿಂತವನಂತೆ ನಟಿಸುತ್ತ, “ಇದೇನು, ಇದಕ್ಕೂ ಬೆಲೆಯಿದೆಯೇ?” ಎಂದು ಉದಾಸೀನವಾಗಿ ಕೇಳಬೇಕು. ಈ ನಾಟಕದಲ್ಲಿ ನಾನು ಸಾಕಷ್ಟು ನುರಿತವನೆಂದು ಒಂದು ಕಾಲದಲ್ಲಿ ಹೆಮ್ಮೆಪಡುತ್ತಿದ್ದೆ.

1978ರ ಮಾತು. ನಾನಾಗ ಹೊಸದಾಗಿ ಶಾಲಾ ಉಪಾಧ್ಯಾಯನಾಗಿದ್ದೆ. ಒಂದು ಭಾನುವಾರ ಬೆಳಗ್ಗೆ ಅವೆನ್ಯೂ ರಸ್ತೆಯಲ್ಲಿ, ಕಾಲುದಾರಿಯ ಮೇಲೆ ಗೋಣಿಯ ತಾಟು ಹಾಸಿ ಕುಳಿತಿದ್ದ ಮುದುಕರೊಬ್ಬರ ರಾಶಿಯಲ್ಲಿ, ಬೆನ್ನು ಹರಿದ ದಪ್ಪ ಪುಸ್ತಕವೊಂದು ಕಾಣಿಸಿತು. ರಟ್ಟು ತೆರೆದೆ. ಎದೆ ಒಮ್ಮೆ ಝಲ್ಲೆಂದಿತು. ಅದು ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಮೊದಲ ಮುದ್ರಣ! ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲರು, ಹಲವು ವರ್ಷಗಳ ದುಡಿಮೆಯಿಂದ ಸುಮಾರು 70,000 ಪದಗಳನ್ನು ಸೇರಿಸಿ ರಚಿಸಿದ ಗ್ರಂಥ. ಕಾವ್ಯಗಳ ಪದಗಳ ಪಕ್ಕದಲ್ಲಿಯೇ ಹಳ್ಳಿಯ ಜನರ ಗಾದೆಗಳಿಗೂ ಅದರಲ್ಲಿ ಮಣೆ ಹಾಕಿದ್ದಾರೆ.

ನನ್ನ ನಾಟಕ ಆರಂಭವಾಯಿತು. ಪುಸ್ತಕವನ್ನು ಕೆಳಗಿಟ್ಟೆ, ಬೇರೊಂದನ್ನು ಎತ್ತಿಕೊಂಡೆ, ಮತ್ತೆ ಇದನ್ನೇ ಮುಟ್ಟಿದೆ. ಮುದುಕರು 30 ರೂಪಾಯಿ ಕೇಳಿದರು. “ಬೆನ್ನೇ ಹರಿದಿದೆಯಲ್ಲ ಯಜಮಾನರೇ, ಇದನ್ನು ಓದುವವರು ಯಾರು?” ಎಂದೆ. ಚೌಕಾಸಿ ನಡೆದು ಪುಸ್ತಕ 15 ರೂಪಾಯಿಗೆ ನನ್ನದಾಯಿತು. ಅದನ್ನು ಕಂಕುಳಲ್ಲಿಟ್ಟುಕೊಂಡು, ರಾಜ್ಯ ಗೆದ್ದವನಂತೆ ಮನೆಗೆ ಬಂದೆ.

ರಾತ್ರಿ ದೀಪದ ಮುಂದೆ ಒಂದೊಂದೇ ಹಾಳೆ ತಿರುವಿದೆ. ಅಂಚುಗಳಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು. ‘ಈ ಪದಕ್ಕೆ ನಮ್ಮ ಕಡೆ ಬೇರೆ ಅರ್ಥವುಂಟು’ ಎಂದು ಒಂದು ಕಡೆ. ‘ಹುಡುಗರಿಗೆ ಹೇಳಬೇಕು’ ಎಂದು ಇನ್ನೊಂದು ಕಡೆ. ಪುಸ್ತಕದ ಒಡೆಯರು ನನ್ನಂತೆಯೇ ಉಪಾಧ್ಯಾಯರಾಗಿದ್ದರೆಂದು ತೋರಿತು. ಕಡೆಯ ರಟ್ಟಿನ ಒಳಬದಿಯಲ್ಲಿ ಒಂದು ಪುಟ್ಟ ಲೆಕ್ಕವಿತ್ತು: ಒಂದು ರೂಪಾಯಿ, ಹನ್ನೆರಡು ಆಣೆ, ಮತ್ತೆ ಒಂದು ರೂಪಾಯಿ, ಒಂದು ತಿಂಗಳು ಬರಿಯ ನಾಲ್ಕೇ ಆಣೆ. ಹೀಗೆ ತಿಂಗಳು ತಿಂಗಳೂ ಬರೆದು, ಕೊನೆಯಲ್ಲಿ ‘ಪೂರ್ತಿ ಸಂದಾಯವಾಯಿತು’ ಎಂದು ದುಂಡಗಿನ ಅಕ್ಷರದಲ್ಲಿ ಮುಗಿಸಿದ್ದರು. ಯಾರಿಗೋ ಕಂತಿನಲ್ಲಿ ಹಣ ತೆತ್ತು ಕೊಂಡ ಪುಸ್ತಕವದು. ನಾಲ್ಕು ಆಣೆಯ ಆ ತಿಂಗಳಲ್ಲಿ ಆ ಮನೆಯಲ್ಲಿ ಏನು ಕಷ್ಟವಿತ್ತೋ! ಆದರೂ ಅವರು ಕಂತು ತಪ್ಪಿಸಿರಲಿಲ್ಲ. ಅಂಥ ಪುಸ್ತಕವನ್ನು ನಾನು ಸುಳ್ಳಾಡಿ ತಂದಿದ್ದೆ. ‘ಓದುವವರು ಯಾರು?’ ಎಂದು ಕೇಳಿದ ನನ್ನ ಮಾತೇ ನನ್ನನ್ನು ಚುಚ್ಚತೊಡಗಿತು.

ಮುಂದಿನ ಭಾನುವಾರ 35 ರೂಪಾಯಿ ಜೇಬಿನಲ್ಲಿಟ್ಟುಕೊಂಡು ಹೋದೆ. ಮುದುಕರ ಮುಂದೆ ಹಣವಿಟ್ಟು, “ಆ ಪುಸ್ತಕ ಹೆಚ್ಚು ಬೆಲೆಯದು. ನನಗೆ ಗೊತ್ತಿದ್ದೂ ಹೇಳಲಿಲ್ಲ” ಎಂದೆ.

ಅವರು ಆಶ್ಚರ್ಯಪಡಲಿಲ್ಲ. “ನನಗೂ ಗೊತ್ತಿತ್ತು ಸ್ವಾಮಿ. ನನಗೆ ಓದಲು ಬಾರದು. ಓದುವವರ ಮುಖ ನೋಡಲು ಬರುತ್ತದೆ. ಬೇಡದ ಪುಸ್ತಕವನ್ನು ಯಾರೂ ಮೂರು ಸಲ ಕೆಳಗಿಟ್ಟು ಮೂರು ಸಲ ಎತ್ತಿಕೊಳ್ಳುವುದಿಲ್ಲ” ಎಂದರು.

“ಹಾಗಾದರೆ ಕೊಟ್ಟುದೇಕೆ?”

“ಅಂದು ಹನ್ನೊಂದು ಗಂಟೆಯಾದರೂ ಬೋಣಿಯಾಗಿರಲಿಲ್ಲ. ಮೊದಲ ಗಿರಾಕಿಯನ್ನು ಹಿಂದಕ್ಕೆ ಕಳಿಸಬಾರದು. ಮನೆಗೆ ಅಕ್ಕಿಯೂ ಬೇಕಾಗಿತ್ತು.”

ನನಗೆ ತಲೆಯೆತ್ತಲಾಗಲಿಲ್ಲ. ನನ್ನ ಜಾಣತನವೆಂದು ನಾನು ಬಗೆದದ್ದು ಅವರ ಬಡತನವಾಗಿತ್ತು. ಅವರು ಹಣವನ್ನೆಣಿಸಿ 15 ರೂಪಾಯಿ ತೆಗೆದುಕೊಂಡು, ಉಳಿದ 20 ರೂಪಾಯಿಗಳನ್ನು ನನ್ನ ಕೈಗೆ ಹಿಂದಿರುಗಿಸಿದರು. “ನಾನು ಕೇಳಿದ್ದು ಮೂವತ್ತು. ಅದಕ್ಕಿಂತ ಹೆಚ್ಚಿನದು ನನ್ನದಲ್ಲ” ಎಂದು ಹೇಳಿ, ರಾಶಿಯ ಧೂಳು ಕೊಡವತೊಡಗಿದರು.

ಅಂದಿನಿಂದ ಆ ನಾಟಕವನ್ನು ಬಿಟ್ಟೆ. ಬೇಕಾದುದನ್ನು ಬೇಕೆಂದೇ ಹೇಳಿ ಕೇಳುತ್ತೇನೆ. ಇದರಿಂದ ಕೆಲವು ಸಲ ಹೆಚ್ಚು ಬೆಲೆ ತೆತ್ತದ್ದುಂಟು. ಆದರೆ ನಷ್ಟವಾಯಿತೆಂದು ಅನಿಸಿಲ್ಲ. ಆ ಮುದುಕರು ಬದುಕಿರುವವರೆಗೂ ಒಳ್ಳೆಯ ಪುಸ್ತಕ ಬಂದರೆ ನನಗಾಗಿ ತೆಗೆದಿರಿಸುತ್ತಿದ್ದರು.

ನಿಘಂಟು ಈಗಲೂ ನನ್ನ ಮೇಜಿನ ಮೇಲಿದೆ. ಅದಕ್ಕೆ ಹೊಸ ರಟ್ಟು ಹಾಕಿಸುವಾಗ, ಲೆಕ್ಕ ಬರೆದಿದ್ದ ಹಳೆಯ ರಟ್ಟನ್ನು ಎಸೆಯಗೊಡದೆ ಒಳಗೆ ಅಂಟಿಸಿದೆ. ಆ ಉಪಾಧ್ಯಾಯರ ಲೆಕ್ಕದ ಕೆಳಗೆ ನಾನೂ ಪೆನ್ಸಿಲಿನಲ್ಲಿ ಬರೆದೆ: ‘1978: ಹದಿನೈದು ರೂಪಾಯಿ. ಮುಂದಿನ ವಾರ ಮತ್ತೆ ಹದಿನೈದು.’ ‘ಪೂರ್ತಿ ಸಂದಾಯವಾಯಿತು’ ಎಂಬ ಮಾತನ್ನು ಮಾತ್ರ ಬರೆಯಲಿಲ್ಲ. ಕಿಟ್ಟೆಲರಿಗೆ, ಹೆಸರರಿಯದ ಆ ಉಪಾಧ್ಯಾಯರಿಗೆ, ಗೋಣಿಯ ತಾಟಿನ ಮೇಲೆ ಕುಳಿತಿದ್ದ ಆ ಮುದುಕರಿಗೆ ನಾನು ಸಲ್ಲಿಸಬೇಕಾದ ಋಣ ಹಣದಿಂದ ತೀರುವಂಥದಲ್ಲ.